ಗಾಡಿ ಮನೆಯ ಮಕ್ಕಳಿಗೆ ಕೊಡಗಿನಲ್ಲಿ ನಿಲ್ಲಲು ಜಾಗ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಚಿಕ್ಕ ಮಕ್ಕಳನ್ನು ಕರೆದುಕೊಂಡು ವರ್ಷವಿಡೀ ಗಾಡಿಯಲ್ಲೇ ಬದುಕುವ ಕುಟುಂಬಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಇಂಥ ಅಪ್ಪ ಅಮ್ಮ ತಮ್ಮ ಶೋಕಿಗೆ ಮಕ್ಕಳ ಶಾಲೆ, ಆರೋಗ್ಯ, ನೆಂಟಸ್ತನ ಎಲ್ಲ ಹಾಳು ಮಾಡ್ತಾರೆ ಎಂದು ಅದಕ್ಕೆ ಓದುಗರೊಬ್ಬರು ಬರೆದ ಉತ್ತರವನ್ನೂ ಓದಿದೆ. ನಾನು ವಿರಾಜಪೇಟೆ ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಳಾದವಳು. ನನ್ನ ಮಗಳು, ಅಳಿಯ, ಅವರ ಇಬ್ಬರು ಮಕ್ಕಳು ಈಗ ಇಂಥದ್ದೇ ಒಂದು ಗಾಡಿಯಲ್ಲಿದ್ದಾರೆ. ದೊಡ್ಡವನಿಗೆ ಎರಡನೇ ಕ್ಲಾಸಿನ ವಯಸ್ಸು, ಚಿಕ್ಕವಳು ಇನ್ನೂ ಅಂಗನವಾಡಿ ವಯಸ್ಸಿನವಳು. ಆ ಓದುಗರ ಆತಂಕ ನನಗೆ ಅರ್ಥವಾಗುತ್ತದೆ, ಮಗಳು ಹೀಗೊಂದು ಯೋಚನೆ ಇದೆ ಅಂದಾಗ ನನಗೂ ನಿದ್ದೆ ಬಂದಿರಲಿಲ್ಲ. ಆದರೆ ಹತ್ತಿರದಿಂದ ನೋಡಿದ ಮೇಲೆ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ಗಾಡಿ ಒಂದೇ ಕಡೆ ಕೆಲವು ವಾರ ನಿಂತರೆ ಮಕ್ಕಳು ಚೆನ್ನಾಗಿರ್ತಾರೆ. ನಿಲ್ಲೋಕೆ ಜಾಗ ಸಿಗದೆ ದಿನಾ ಓಡ್ತಾ ಇದ್ದರೆ ಸೊರಗುತ್ತಾರೆ. ಕೊಡಗಿನಲ್ಲಿ ಆ ಜಾಗ ಇಲ್ಲ. ಅದಕ್ಕೇ ಈ ಪತ್ರ.

ಗಾಡಿ ಅಂದರೆ ಏನು ಅಂತ ಮೊದಲು ಹೇಳಿಬಿಡ್ತೇನೆ, ಯಾಕೆಂದರೆ ತುಂಬಾ ಜನ ಅದನ್ನು ಸಿನಿಮಾ ನಟರ ಕ್ಯಾರವಾನ್ ಅಂದುಕೊಂಡಿದ್ದಾರೆ. ಮದುವೆಗೆ ಜನ ತುಂಬಿಕೊಂಡು ಬರುವ ಟೆಂಪೋ ಟ್ರಾವೆಲರ್ ಇದೆಯಲ್ವಾ, ಅದೇ. ಹಿಂದಿನ ಸೀಟು ತೆಗೆದು ಮಂಚ, ಒಲೆ, ಸಿಂಕು, ಮೂಲೆಯಲ್ಲಿ ಸಣ್ಣ ಟಾಯ್ಲೆಟ್, ಮೇಲೆ ಸೋಲಾರ್ ಪ್ಯಾನಲ್, ಕೆಳಗೆ ನೀರಿನ ಟ್ಯಾಂಕ್. ಹೀಗೆ ಗಾಡಿ ಬದಲಾಯಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು. ಸುಮ್ನೆ ಗ್ಯಾರೇಜಿನಲ್ಲಿ ಮಂಚ ಕೂರಿಸಿಕೊಂಡು ಹೊರಡುವ ಹಾಗಿಲ್ಲ. ಅಳಿಯನದು ಕಂಪ್ಯೂಟರ್ ಕೆಲಸ, ನೆಟ್‌ವರ್ಕ್ ಇದ್ದಲ್ಲಿ ಕೂತು ಮಾಡಬಹುದು. ಮಗಳು ಬೆಂಗಳೂರಿನ ಕೆಲಸ ಬಿಟ್ಟು ಮಕ್ಕಳ ಜೊತೆ ಇದ್ದಾಳೆ. ಅವರು ಹಾಗೆ ಯಾಕೆ ಹೊರಟರು ಅನ್ನೋದು ಅವರ ಮನೆಯ ವಿಷಯ, ಇಲ್ಲಿ ಬೇಡ.

ಅಮೆರಿಕದಲ್ಲಿ ಇದಕ್ಕೆ ಆರ್‌ವಿ ಅಂತಾರೆ, ಮಕ್ಕಳ ಸಮೇತ ಅದರಲ್ಲೇ ಸಂಸಾರ ಮಾಡುವವರು ಅಲ್ಲಿ ಬಹಳ ಇದ್ದಾರೆ. ಅಲ್ಲಿನ ಆರ್‌ವಿ ಪಾರ್ಕುಗಳಲ್ಲಿ ಗಾಡಿ ನಿಲ್ಲಿಸಿ ಕರೆಂಟು, ನೀರು, ಕೊಳಚೆ ಪೈಪು ಮೂರನ್ನೂ ಜೋಡಿಸಿಕೊಳ್ಳಬಹುದು. ಅಲ್ಲಿನ ಕೇಂದ್ರ ಸರ್ಕಾರದ ಬಯಲು ಜಮೀನಿನಲ್ಲೂ ಬಹಳ ಕಡೆ 28 ದಿನದೊಳಗೆ 14 ದಿನ ಒಂದೇ ಜಾಗದಲ್ಲಿ ತಂಗಬಹುದು. ಮಕ್ಕಳಿಗೆ ಅಪ್ಪ ಅಮ್ಮನೇ ಪಾಠ ಹೇಳುವುದಕ್ಕೆ 50 ರಾಜ್ಯಗಳಲ್ಲೂ ಕಾನೂನಿನ ಒಪ್ಪಿಗೆ ಇದೆ. ನ್ಯೂಜಿಲೆಂಡಿನಲ್ಲಂತೂ 2023ರಲ್ಲಿ ಕಾನೂನು ತಿದ್ದಿ, ಗಾಡಿಯೊಳಗೆ ಕೂರಿಸಿದ ಟಾಯ್ಲೆಟ್ ಇದ್ದರಷ್ಟೇ ಅದು ಸ್ವಂತ ವ್ಯವಸ್ಥೆಯ ಗಾಡಿ ಅನ್ನೋ ಸರ್ಟಿಫಿಕೇಟ್ ಸಿಗುವ ಹಾಗೆ ಮಾಡಿದ್ದಾರೆ. ನಮ್ಮ ಹುಡುಗ ಹುಡುಗಿಯರು ಆ ದೇಶಗಳ ವಿಡಿಯೋ ನೋಡಿ ಇಲ್ಲಿ ಗಾಡಿ ಕಟ್ಟಿಸ್ತಾರೆ. ಗಾಡಿ ಅಲ್ಲಿಯ ಹಾಗೇ ಇರುತ್ತದೆ, ನಿಲ್ಲಿಸುವ ಜಾಗ ಮಾತ್ರ ಇಲ್ಲಿ ಇರುವುದಿಲ್ಲ. ಆಗ ಪೆಟ್ರೋಲ್ ಬಂಕ್, ಹೋಟೆಲ್ ಅಂಗಳ, ರಸ್ತೆ ಪಕ್ಕ. ನನ್ನ ಮಗಳ ಸಂಸಾರ ಒಮ್ಮೆ ನಮ್ಮ ಜಿಲ್ಲೆಯದೇ ಒಂದು ಪ್ರವಾಸಿ ತಾಣದ ಪಾರ್ಕಿಂಗ್‌ನಲ್ಲಿ ಹಣ ಕಟ್ಟಿ ನಿಂತಿತ್ತು. ಮಕ್ಕಳು ಮಲಗಿದ ಮೇಲೆ ಬಾಗಿಲು ಬಡಿದು, ರಾತ್ರಿ ಇಲ್ಲಿ ಇರೋ ಹಾಗಿಲ್ಲ ಹೊರಡಿ ಅಂದರು. ನಿಯಮ ಇರಬಹುದು, ನಾನು ಅದನ್ನು ದೂರುತ್ತಿಲ್ಲ. ಆದರೆ ಮತ್ತೆಲ್ಲಿಗೆ ಹೋಗಬೇಕು ಅನ್ನೋದನ್ನು ಹೇಳುವವರು ಯಾರೂ ಇರಲಿಲ್ಲ. ನಿದ್ದೆಗಣ್ಣಿನ ಮಕ್ಕಳನ್ನು ಸೀಟಿಗೆ ಕಟ್ಟಿ, ಮಂಜಿನಲ್ಲಿ ಆ ತಿರುವುಗಳಲ್ಲಿ ಗಾಡಿ ಓಡಿಸಿಕೊಂಡು ನಮ್ಮ ಮನೆ ಸೇರಿದರು.

ರಸ್ತೆ ಪಕ್ಕದಲ್ಲಿ ರಾತ್ರಿ ಕಳೆಯೋದು ನಮ್ಮ ಜಿಲ್ಲೆಯಲ್ಲಿ ಸುಮ್ನೆ ಮಾತಲ್ಲ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ, ಹಲಸು ಹಣ್ಣಾಗುವ ಹೊತ್ತಿಗೆ ಆನೆ ತೋಟದೊಳಗೇ ಇರುತ್ತದೆ. ಹೊರಗಿನಿಂದ ಬಂದವರಿಗೆ ಅದು ಗೊತ್ತಿರಲ್ಲ. ತೋಟದ ಗೇಟಿನ ಹತ್ತಿರ ತಣ್ಣಗಿದೆ ಅಂತ ಗಾಡಿ ನಿಲ್ಲಿಸಿ, ಬಾಗಿಲು ತೆರೆದಿಟ್ಟು ಅಡುಗೆ ಮಾಡ್ತಾರೆ. ಮಳೆಗಾಲದಲ್ಲಿ ಇನ್ನೊಂದು ಭಯ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದದ್ದನ್ನು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದದ್ದನ್ನು ಕಂಡ ಮೇಲೆ ನಮ್ಮವರು ಯಾರೂ ಬರೆಯ, ಅಂದರೆ ಕಡಿದಾದ ಮಣ್ಣಿನ ಗುಡ್ಡದ, ಕೆಳಗೆ ಕಾರು ಕೂಡ ನಿಲ್ಲಿಸಲ್ಲ. ಹೊಸಬರಿಗೆ ಬರೆ ಯಾವುದು, ಗಟ್ಟಿ ನೆಲ ಯಾವುದು ಅಂತ ತೋರಿಸಬೇಕಾದವರು ನಾವೇ.

ಎಲ್ಲಕ್ಕಿಂತ ಜಾಸ್ತಿ ನಾನು ಹೇಳಬೇಕಾಗಿರುವುದು ಟಾಯ್ಲೆಟ್ಟಿನ ವಿಷಯ. ಮುಜುಗರ ಪಟ್ಟು ಯಾರೂ ಮಾತಾಡಲ್ಲ. ಗಾಡಿಯ ಟಾಯ್ಲೆಟ್ಟಿನ ಕೆಳಗೆ ಚಕ್ರ ಇರುವ ಒಂದು ಚಪ್ಪಟೆ ಡಬ್ಬಿ ಇರುತ್ತದೆ, ಹೊರಗಿನ ಸಣ್ಣ ಬಾಗಿಲಿನಿಂದ ಎಳೆದು ತೆಗೆಯಬಹುದು. ಸುಮಾರು 20 ಲೀಟರ್ ಹಿಡಿಯುತ್ತದೆ. ನಾಲ್ಕು ಜನರ ಸಂಸಾರಕ್ಕೆ ಎರಡು ದಿನ ಬಂದರೆ ದೊಡ್ಡದು. ನಮ್ಮ ಮನೆಗೆ ಬಂದಾಗ ಅಳಿಯ ಬೆಳಿಗ್ಗೆ ಕೈಗವಸು ಹಾಕಿಕೊಂಡು ಅದನ್ನು ಹೊರಗಿನ ಕಕ್ಕಸಿಗೆ ಸುರಿದು, ಬಕೆಟ್ ನೀರು ಹೊಡೆದು, ಡಬ್ಬಿ ತೊಳೆದು ಬಿಸಿಲಿಗೆ ಇಡ್ತಾನೆ. ಹತ್ತು ನಿಮಿಷದ ಕೆಲಸ. ಆದರೆ ಸೆಪ್ಟಿಕ್ ಟ್ಯಾಂಕ್ ಇರುವ ಒಂದು ಮನೆ ಬೇಕು, ಒಪ್ಪುವ ಮನೆಯವರು ಬೇಕು. ಇಲ್ಲದವರು ಏನು ಮಾಡ್ತಾರೆ? ಒಳ್ಳೆಯವರು ತುಂಬಿದ ಡಬ್ಬಿ ಇಟ್ಟುಕೊಂಡೇ ಊರೂರು ತಿರುಗ್ತಾರೆ. ಉಳಿದವರು ಕತ್ತಲಾದ ಮೇಲೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಸುರೀತಾರೆ. ನಮ್ಮ ಹೆಚ್ಚಿನ ತೋಡುಗಳು ಎಲ್ಲಿಗೆ ಹೋಗುತ್ತವೆ ಹೇಳಿ. ಹಾರಂಗಿ ಇರಲಿ, ಲಕ್ಷ್ಮಣತೀರ್ಥ ಇರಲಿ, ಕೊನೆಗೆ ಕಾವೇರಿಗೇ. ತುಲಾ ಸಂಕ್ರಮಣದಂದು ತೀರ್ಥ ತಂದು ಮನೆಯಲ್ಲಿಟ್ಟು ಪೂಜಿಸುವ ಜನ ನಾವು. ಸುರಿಯುವವರನ್ನು ಬೈಯುವ ಮೊದಲು ಸುರಿಯೋಕೆ ಒಂದು ಗುಂಡಿ ತೋರಿಸಬೇಕು. ಇನ್ನೊಂದು ವಿಷಯ, ವಾಸನೆ ಬಾರದಿರಲಿ ಅಂತ ಆ ಡಬ್ಬಿಗೆ ಹಾಕುವ ಕೆಲವು ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಅದು ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಮನೆಯವರು ಗುಂಡಿ ಬಿಟ್ಟುಕೊಡುವಾಗ, ಏನು ಹಾಕಿದ್ದೀರಿ ಅಂತ ಕೇಳಿಕೊಳ್ಳುವುದು ಒಳ್ಳೆಯದು.

ಮಗಳ ಗಾಡಿ ನಿಲ್ಲುವುದು ನಮ್ಮ ಕಾಫಿ ಕಣದಲ್ಲಿ. ಸಿಮೆಂಟ್ ಹಾಕಿದ ಕಣ ಆದ್ದರಿಂದ ಚಕ್ರ ಹೂತುಕೊಳ್ಳಲ್ಲ, ನೀರಿನ ನಲ್ಲಿ ಪಕ್ಕದಲ್ಲೇ ಇದೆ, ಪಂಪ್‌ಸೆಟ್ಟಿನ ಮನೆಯಿಂದ ಒಂದು ವೈರು ಎಳೆದರೆ ಕರೆಂಟು. ಆದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಕಾಫಿ ಹರಡಿರುತ್ತದೆ, ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ಕಣದಲ್ಲಿ ಕಾಲಿಡೋಕೂ ಜಾಗ ಇರಲ್ಲ, ಗಾಡಿ ಎಲ್ಲಿಂದ ಬಂತು. ಆ ತಿಂಗಳುಗಳಲ್ಲಿ ಅವರು ಬಯಲುಸೀಮೆ ಕಡೆ ಹೋಗ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ಮೇಲೆ ವಾಪಸ್. ಹೀಗೆ ನಮ್ಮ ಊರಿನಲ್ಲಿ ಎಷ್ಟು ಕಣಗಳು ವರ್ಷದ ಎಂಟು ತಿಂಗಳು ಖಾಲಿ ಬಿದ್ದಿರುತ್ತವೆ ಅನ್ನೋದನ್ನು ತೋಟದವರು ಯೋಚಿಸಬೇಕು.

ಮಳೆಗಾಲದ ಬಗ್ಗೆ ಒಂದು ಮಾತು, ಗಾಡಿ ಕಟ್ಟಿಸಬೇಕು ಅಂತ ಆಸೆ ಪಡುವ ಅಪ್ಪ ಅಮ್ಮಂದಿರಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳನ್ನು ಇಟ್ಟುಕೊಂಡು ಕೊಡಗಿನಲ್ಲಿ ಗಾಡಿ ಬದುಕು ನಡೆಸುವುದು ಬಹಳ ಕಷ್ಟ, ಪಕ್ಕದಲ್ಲಿ ಒಂದು ಮನೆ ಇಲ್ಲದಿದ್ದರೆ ಬರಲೇಬೇಡಿ. ವಾರಗಟ್ಟಲೆ ಮೋಡ, ಸೋಲಾರ್ ಕೆಲಸ ಮಾಡಲ್ಲ. ಹಾಸಿಗೆ ಎತ್ತಿದರೆ ಅಡಿಯಲ್ಲಿ ಬೂಷ್ಟು. ಚಿಕ್ಕವಳ ಚಡ್ಡಿ, ಸಾಕ್ಸ್ ಯಾವುದೂ ಒಣಗಲ್ಲ, ನಮ್ಮ ಅಡುಗೆಮನೆಯ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ್ದು. ಚಳಿ ಅಂತ ಕಿಟಕಿ ಎಲ್ಲ ಮುಚ್ಚಿ ಒಳಗೆ ಗ್ಯಾಸ್ ಒಲೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಸೇರಿಕೊಳ್ಳುತ್ತದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಅದನ್ನು ಗುರುತಿಸಿ ಕೂಗುವ ಅಲಾರಂ ಇಲ್ಲದ ಗಾಡಿಯಲ್ಲಿ ಮಕ್ಕಳನ್ನು ಮಲಗಿಸಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ, ನೆಲಕ್ಕೆ ಹತ್ತಿರ ಇರುವವರು ಮಕ್ಕಳು. ಗಾಡಿ ಹೊರಡುವಾಗ ಸಿಲಿಂಡರ್ ವಾಲ್ವ್ ಮುಚ್ಚಬೇಕು. ಇಷ್ಟೆಲ್ಲ ಕಷ್ಟದ ನಡುವೆಯೂ ಮಕ್ಕಳು ಕಕ್ಕಡ ತಿಂಗಳಲ್ಲಿ, ಅಂದರೆ ನಮ್ಮ ಆಟಿ ತಿಂಗಳಲ್ಲಿ, ಇಲ್ಲೇ ಇದ್ದರು, ಆಗಸ್ಟ್ 3ರಂದು ಮದ್ದುಸೊಪ್ಪಿನ ಪಾಯಸ ತಿಂದರು, ಆ ಸೊಪ್ಪು ತಿಂದರೆ ಮೂತ್ರಕ್ಕೆ ಬಣ್ಣ ಬರುತ್ತದೆ, ಮರುದಿನ ಮೂತ್ರ ಕೆಂಪಾಗಿದೆ ಅಂತ ಮೊಮ್ಮಗ ಕೇಕೆ ಹಾಕಿಕೊಂಡು ಓಡಿ ಬಂದ. ಶಹರದ ಫ್ಲ್ಯಾಟಿನಲ್ಲಿದ್ದರೆ ಆ ದಿನ ಅವನಿಗೆ ಬರೀ ಒಂದು ವಾರದ ದಿನ.

ಗಾಡಿ ಓಡುವಾಗಿನ ವಿಷಯ ಚಿಕ್ಕದಾಗಿ ಹೇಳ್ತೇನೆ, ಯಾಕೆಂದರೆ ಇದರಲ್ಲಿ ಚರ್ಚೆ ಮಾಡೋಕೆ ಏನೂ ಇಲ್ಲ. ಓಡುವ ಗಾಡಿಯಲ್ಲಿ ಮಕ್ಕಳು ಮಂಚದ ಮೇಲೆ ಮಲಗಬಾರದು, ಅಡ್ಡ ಬೆಂಚಿನಲ್ಲಿ ಕೂತು ಚಿತ್ರ ಬಿಡಿಸಬಾರದು. ಸರಿಯಾದ ಸೀಟು, ಬೆಲ್ಟು, ಚಿಕ್ಕವರಿಗೆ ಮಕ್ಕಳ ಸೀಟು. 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಇಲ್ಲದಿದ್ದರೆ 2019ರ ತಿದ್ದುಪಡಿಯ ಪ್ರಕಾರ 1,000 ರೂಪಾಯಿ ದಂಡ. ದಂಡ ಹೋಗಲಿ, ಸಂಪಾಜೆ ಘಾಟಿಯ ತಿರುವಿನಲ್ಲಿ ಬ್ರೇಕ್ ಹಾಕಿದರೆ ಬೆಲ್ಟ್ ಇಲ್ಲದ ಮಗು ಎಲ್ಲಿಗೆ ಹಾರುತ್ತದೆ ಅಂತ ಯೋಚಿಸಿ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ವಾಂತಿ ಜಾಸ್ತಿ, ನಮ್ಮ ರಸ್ತೆಗಳಲ್ಲಂತೂ ಕೇಳೋದೇ ಬೇಡ. ಹಾಗಾಗಿ ಕುಶಾಲನಗರದಿಂದ ಭಾಗಮಂಡಲಕ್ಕೆ, ಅಲ್ಲಿಂದ ಇರ್ಪುಗೆ, ಅಲ್ಲಿಂದ ಮಾಂದಲಪಟ್ಟಿಗೆ ಅಂತ ದಿನಕ್ಕೊಂದು ಜಾಗ ಮುಗಿಸುವ ಪ್ಲಾನ್ ಬೇಡ. ಅಂದಹಾಗೆ ಮಾಂದಲಪಟ್ಟಿಗೆ ಜೀಪ್ ಬಿಟ್ಟರೆ ಇಂಥ ಗಾಡಿ ಹತ್ತಲ್ಲ. ನಾಗರಹೊಳೆ ಕಾಡಿನೊಳಗೆ ಕುಟ್ಟಕ್ಕೆ ಹೋಗುವ ದಾರಿಯ ಗೇಟು ಸಂಜೆಯಾದರೆ ಮುಚ್ಚುತ್ತದೆ.

ಈಗ ಶಾಲೆ. ಇದು ನನ್ನ ಕೆಲಸವಾಗಿತ್ತು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಮಗು ಶಾಲೆ ಬಿಟ್ಟು ಬಿಟ್ಟು ಬಂದರೆ ಏನೂ ಕಲಿಯಲ್ಲ ಅನ್ನುವವರು ನಲಿ-ಕಲಿ ಕ್ಲಾಸಿಗೆ ಒಮ್ಮೆ ಹೋಗಿ ನೋಡಬೇಕು. ಇದು ಬೇರೆ ಎಲ್ಲಿಂದಲೋ ಬಂದದ್ದಲ್ಲ, ನಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ್ದು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ತಟ್ಟೆಗಳಲ್ಲಿ ಕೂರುತ್ತಾರೆ. ತಟ್ಟೆ ಅಂದರೆ ಗುಂಪು. ಒಂದು ತಟ್ಟೆಯಲ್ಲಿ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಗೆಳೆಯರು ಹೇಳಿಕೊಡುತ್ತಾರೆ, ಮತ್ತೊಂದರಲ್ಲಿ ಮಗು ತಾನೇ ಮಾಡುತ್ತದೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ, ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾರ್ಡು, ಕಾರ್ಡಿನ ಮೂಲೆಯಲ್ಲಿ ಒಂದು ಚಿತ್ರ. ಮಗು ಒಂದು ವಾರ ಬರದೇ ಇದ್ದರೂ, ಒಂದು ತಿಂಗಳು ಬರದೇ ಇದ್ದರೂ, ವಾಪಸ್ ಬಂದ ದಿನ ಏಣಿ ನೋಡಿ ತಾನು ಬಿಟ್ಟ ಮೆಟ್ಟಿಲಿನ ಕಾರ್ಡು ತೆಗೆದುಕೊಂಡು ಕೂರುತ್ತದೆ. ಕಾಫಿ ಕೊಯ್ಲಿಗೆ ಬಂದು ಹೋಗುವ ಕೂಲಿಯವರ ಮಕ್ಕಳು ನನ್ನ ಕ್ಲಾಸಿನಲ್ಲಿ ಹೀಗೇ ಓದು ಕಲಿತರು. ಗಾಡಿ ಮನೆಯ ಮಕ್ಕಳಿಗೆ ಇದಕ್ಕಿಂತ ಹೊಂದುವ ಪದ್ಧತಿ ನನಗೆ ಗೊತ್ತಿಲ್ಲ.

ಕಾನೂನು ಕೂಡ ಮಗುವಿನ ಕಡೆಗೇ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 14 ವರ್ಷದ ಮಗು ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು, ಹಳೇ ಶಾಲೆಯ ಟಿಸಿ ತಡವಾಯ್ತು ಅಂತ ವಾಪಸ್ ಕಳಿಸಬಾರದು, ವಯಸ್ಸಿನ ದಾಖಲೆ ಇಲ್ಲ ಅಂತ ಬೇಡ ಅನ್ನಬಾರದು ಎಂದು ಸ್ಪಷ್ಟವಾಗಿ ಇದೆ. ಆದರೂ ಮೊಮ್ಮಗನನ್ನು ಕರೆದುಕೊಂಡು ಹೋದಾಗ ಒಂದು ಶಾಲೆಯಲ್ಲಿ, ಎಷ್ಟು ದಿನ ಇರ್ತೀರಿ, ಹೋಗೋದೇ ಆದರೆ ಯಾಕೆ ಸೇರಿಸ್ತೀರಿ ಅಂದರು. ಪಾಪ, ಅವರಿಗೆ ಹಾಜರಿಯ ತಲೆನೋವು. ಮಗು ಬಿಟ್ಟು ಹೋದರೆ ಶಾಲೆ ಬಿಟ್ಟ ಮಕ್ಕಳ ಲೆಕ್ಕದಲ್ಲಿ ಬರುತ್ತದೆ, ಮೇಲಿನವರು ಕೇಳ್ತಾರೆ, ಮಕ್ಕಳ ದಾಖಲೆ ಇಡುವ ಇಲಾಖೆಯ ಕಂಪ್ಯೂಟರ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಸರಿಪಡಿಸಬೇಕು. ಹಾಗಾಗಿ ನನ್ನ ಕೋರಿಕೆ ಇದು. ಕೆಲವು ವಾರಕ್ಕೆ ಬರುವ ಮಕ್ಕಳಿಗೆ ಶಾಲೆಯಲ್ಲಿ ಒಂದು ಬೇರೆ ಹಾಜರಿ ಪುಸ್ತಕ ಇರಲಿ. ಅತಿಥಿ ಮಕ್ಕಳ ಹಾಜರಿ ಅನ್ನಿ. ಮಗು ಬಂದು ಕೂತು ಕಲಿಯಲಿ, ಬಿಸಿಯೂಟ ಉಣ್ಣಲಿ, ಯಾವ ಮೆಟ್ಟಿಲಿನವರೆಗೆ ಬಂತು ಅಂತ ಟೀಚರ್ ಒಂದು ಚೀಟಿ ಬರೆದುಕೊಡಲಿ. ಮುಂದಿನ ಊರಿನ ಶಾಲೆ ಅಲ್ಲಿಂದ ಹಿಡಿಯಲಿ. ಮನೆಯಲ್ಲೇ ಓದಿಸುವ ಅಪ್ಪ ಅಮ್ಮಂದಿರಿಗೆ ರಾಷ್ಟ್ರೀಯ ಮುಕ್ತ ಶಾಲೆಯ ದಾರಿ ಇದೆ, ಅದರ ಎ, ಬಿ, ಸಿ ಹಂತಗಳು ಮೂರು, ಐದು, ಎಂಟನೇ ಕ್ಲಾಸಿಗೆ ಸಮ. ಪರೀಕ್ಷೆಗೆ ಅದು ಸಾಕು. ಜೊತೆಗಾರರು ಮಾತ್ರ ಅದರಲ್ಲಿ ಸಿಗಲ್ಲ, ಅದಕ್ಕೆ ಶಾಲೆಯ ಅಂಗಳವೇ ಬೇಕು.

ಮೊಮ್ಮಗ ಕೊನೆಗೆ ನಮ್ಮೂರ ಹತ್ತಿರದ ಶಾಲೆಯಲ್ಲಿ ಕೂತ. ಬಂದ ಹೊಸತರಲ್ಲಿ ಬಾಗಿಲ ಪಕ್ಕ ನಿಂತುಕೊಂಡೇ ಇರ್ತಿದ್ದ. ಅವನ ತಟ್ಟೆಯಲ್ಲಿ ಕೂರುತ್ತಿದ್ದ ಹುಡುಗಿಯ ಅಪ್ಪ ಅಮ್ಮ ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದವರು, ಕೂಲಿಯವರಿಗೆ ತೋಟದಲ್ಲಿ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಇರುವವರು. ಅವಳು ಇವನಿಗೆ ಒತ್ತಕ್ಷರ ಹೇಳಿಕೊಟ್ಟಳು, ಇವನು ಅವಳಿಗೆ ತಾನು ನೋಡಿದ ಹಂಪಿಯ ಕಲ್ಲಿನ ರಥದ ಚಿತ್ರ ಬಿಡಿಸಿಕೊಟ್ಟ. ಆ ಹುಡುಗಿಯೂ ಊರೂರು ತಿರುಗುವ ಮಗುವೇ ಅಲ್ವಾ? ಅವಳ ಅಪ್ಪ ಅಮ್ಮನಿಗೆ ಗಾಡಿ ಇಲ್ಲ, ಆಯ್ಕೆಯೂ ಇಲ್ಲ, ಕೆಲಸ ಇದ್ದಲ್ಲಿಗೆ ಹೋಗಬೇಕು. ನನ್ನ ಮೊಮ್ಮಗನ ಬಗ್ಗೆ ಪತ್ರಿಕೆಯಲ್ಲಿ ಚರ್ಚೆ ನಡೆಯುತ್ತದೆ, ಅವಳ ಬಗ್ಗೆ ಯಾರೂ ಬರೆಯಲ್ಲ. ನಾನು ಕೇಳುತ್ತಿರುವ ಅತಿಥಿ ಹಾಜರಿ ಮೊದಲು ಬೇಕಾಗಿರುವುದು ಅವಳಿಗೆ. ಹಿಂದೆ ಕಟ್ಟಡ ಕೆಲಸದವರ, ಕಬ್ಬು ಕಡಿಯುವವರ ಮಕ್ಕಳಿಗಾಗಿ ನಮ್ಮ ರಾಜ್ಯದಲ್ಲೇ ಟೆಂಟ್ ಶಾಲೆ ನಡೆಸಿದ್ದಾರೆ, ಹಾಗಾಗಿ ಇದು ಆಗದ ಕೆಲಸ ಅಂತ ಯಾರೂ ಹೇಳಬಾರದು.

ಲಸಿಕೆಯ ಬಗ್ಗೆಯೂ ಆ ಓದುಗರು ಕೇಳಿದ್ದರು. ತಾಯಿ ಕಾರ್ಡ್ ಕೈಯಲ್ಲಿದ್ದರೆ ಯಾವ ಊರಿನ ಆರೋಗ್ಯ ಕೇಂದ್ರದಲ್ಲಾದರೂ ಲಸಿಕೆ ಹಾಕಿಸಬಹುದು, ಹಣ ಇಲ್ಲ. ಒಂದೂವರೆ ವರ್ಷದ ಆಚೀಚೆ ಒಂದು ಬೂಸ್ಟರ್, ಐದು ಆರು ವರ್ಷಕ್ಕೆ ಇನ್ನೊಂದು, ಇವೆರಡನ್ನು ತಿರುಗಾಡುವವರು ಮರೆಯುವುದು ಜಾಸ್ತಿ. ಆ ಕಾರ್ಡಿನ ಎರಡು ಜೆರಾಕ್ಸ್ ಮಾಡಿ ಒಂದನ್ನು ಅಜ್ಜಿ ಮನೆಯಲ್ಲಿ ಇಡಿ.

ಕೊನೆಗೆ ಜಾಗದ ವಿಷಯ. ಮಾಕುಟ್ಟ ದಾಟಿದರೆ ಕೇರಳ. ಅಲ್ಲಿನ ಸರ್ಕಾರ 2021ರಲ್ಲೇ ಕ್ಯಾರವಾನ್ ಪ್ರವಾಸಕ್ಕೆ ನೀತಿ ತಂದಿತು, ಕನಿಷ್ಠ 50 ಸೆಂಟ್ (ಅರ್ಧ ಎಕರೆ) ಜಾಗ, ಐದು ಗಾಡಿ ನಿಲ್ಲುವ ವ್ಯವಸ್ಥೆ ಇದ್ದರೆ ಕ್ಯಾರವಾನ್ ಪಾರ್ಕ್ ಮಾಡಬಹುದು ಅಂದಿತು, ಮೊದಲನೆಯದು ವಾಗಮಣ್‌ನಲ್ಲಿ ಬಂತು. ನಮಗೆ ಅಷ್ಟು ದೊಡ್ಡದು ಬೇಡ. ಹೊಸದಾಗಿ ಗುಡ್ಡ ಅಗೆದು, ಮರ ಕಡಿದು ಪಾರ್ಕ್ ಮಾಡುವುದಂತೂ ಬೇಡವೇ ಬೇಡ, ಅಗೆದ ಗುಡ್ಡ ಏನು ಮಾಡುತ್ತದೆ ಅಂತ ನೋಡಿದ್ದೇವೆ. ಇರುವುದನ್ನೇ ಬಳಸಿ. ಕೊಡಗಿನಲ್ಲಿ ಎಲ್ಲಿ ನೋಡಿದರೂ ಹೋಮ್‌ಸ್ಟೇ ಇದೆ. ಪ್ರತಿ ಹೋಮ್‌ಸ್ಟೇಗೂ ಸೆಪ್ಟಿಕ್ ಟ್ಯಾಂಕ್, ನೀರು, ದೀಪ ಇದೆ, ಆನೆ ಯಾವ ಕಡೆ ಬರುತ್ತದೆ ಅಂತ ಗೊತ್ತಿರುವ ಮನೆಯವರಿದ್ದಾರೆ. ನೋಂದಣಿಯಲ್ಲೇ ಅಂಗಳದಲ್ಲಿ ಒಂದು ಗಾಡಿಗೆ ಅವಕಾಶ ಎಂದು ಪ್ರವಾಸೋದ್ಯಮ ಇಲಾಖೆ ಸೇರಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ರೂಮಿನ ಬಾಡಿಗೆಯ ಕಾಲು ಭಾಗ ತೆಗೆದುಕೊಂಡರೂ ಮಳೆಗಾಲ ಮುಗಿದ ಮೇಲಿನ ಖಾಲಿ ದಿನಗಳಲ್ಲಿ ಮನೆಯವರಿಗೆ ಆದಾಯ. ಸಂತೆ ಮೈದಾನಗಳು ವಾರಕ್ಕೊಂದು ದಿನ ಬಿಟ್ಟರೆ ಖಾಲಿ, ಅಲ್ಲಿ ಹೇಗೂ ಸಾರ್ವಜನಿಕ ಶೌಚಾಲಯ ಇರುವ ಕಡೆ ಡಬ್ಬಿ ಸುರಿಯಲು ಒಂದು ಬಾಯಿ, ತೊಳೆಯಲು ಒಂದು ನಲ್ಲಿ ಇಟ್ಟರೆ ಪಂಚಾಯಿತಿ ಶುಲ್ಕ ವಸೂಲಿ ಮಾಡಬಹುದು. ಯಾರು ಬಂದರು, ಎಷ್ಟು ದಿನ ಇರ್ತಾರೆ, ಗಾಡಿ ನಂಬರ್ ಏನು ಅಂತ ಬರೆದಿಟ್ಟುಕೊಳ್ಳಲಿ, ರೆಡ್ ಅಲರ್ಟ್ ಬಂದ ದಿನ ಹೋಗಿ ಎಚ್ಚರಿಸಲು ಆಗುತ್ತದೆ.

ಗಾಡಿಯವರಿಗೂ ನನ್ನದೊಂದು ಷರತ್ತು. ಬಂದರೆ ಕೆಲವು ವಾರ ಇರುವ ಹಾಗೆ ಬನ್ನಿ. ಕಸ ವಾಪಸ್ ತೆಗೆದುಕೊಂಡು ಹೋಗಿ. ತರಕಾರಿ, ಅಕ್ಕಿ ಊರಿನ ಅಂಗಡಿಯಲ್ಲಿ ಕೊಳ್ಳಿ. ಮಗುವನ್ನು ಶಾಲೆಯ ಅಂಗಳಕ್ಕೆ ಕಳಿಸಿ, ಬರೀ ಜಲಪಾತದ ಮುಂದೆ ನಿಲ್ಲಿಸಿ ಫೋಟೋ ತೆಗೆಯಬೇಡಿ.

ನಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ಗುಂಡಿ, ನಲ್ಲಿ, ಅತಿಥಿ ಹಾಜರಿ ಈ ಮೂರನ್ನೂ ನಾನು ಬರವಣಿಗೆಯಲ್ಲೇ ಕೇಳುತ್ತೇನೆ. ಬೇರೆ ಊರಿನ ಹೋಮ್‌ಸ್ಟೇಯವರು, ನಿವೃತ್ತ ಟೀಚರ್‌ಗಳು, ಕಣ ಖಾಲಿ ಇರುವ ತೋಟದವರು ತಮ್ಮ ತಮ್ಮ ಸಭೆಯಲ್ಲಿ ಕೇಳಿದರೆ ಒಳ್ಳೆಯದು.

— ಒಬ್ಬ ನಿವೃತ್ತ ಶಿಕ್ಷಕಿ, ವಿರಾಜಪೇಟೆ ತಾಲ್ಲೂಕು, ಕೊಡಗು